ಬೆಕ್ಕಿಗೂ ಬೆಲೆ ಕಟ್ಟಿದ ಕಾನೂನು

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾನ್ ಪೆಕಮ್‌ಗೆ ವೇಲ್ಸಿನ ಕಾನೂನು ಕಂಡರಾಗುತ್ತಿರಲಿಲ್ಲ. 1280ರ ಆಸುಪಾಸಿನಲ್ಲಿ ವೇಲ್ಸಿನ ರಾಜಕುಮಾರ ಲಿವೆಲಿನ್ ಆಪ್ ಗ್ರಿಫಿದ್‌ಗೆ ಬರೆದ ಪತ್ರಗಳಲ್ಲಿ, ಅದು ದೇವರ ಹತ್ತು ಕಟ್ಟಳೆಗಳಿಗೆ ವಿರುದ್ಧವಾದುದೆಂದು ಆತ ಗುಡುಗಿದ. ಅದನ್ನು ಮಾಡಿದವನಿಗೆ ಅಧಿಕಾರ ಕೊಟ್ಟವನು ಸೈತಾನನೇ ಇರಬೇಕು ಎಂಬ ಧಾಟಿಯಲ್ಲಿ ಹೀಗಳೆದ. ಹೀಗೆ ಬೈಸಿಕೊಂಡ ದೊರೆ ಸತ್ತು ಆಗಲೇ ಮುನ್ನೂರು ವರ್ಷ ದಾಟಿತ್ತು. ಅವನ ಹೆಸರು ಹವೆಲ್. ವೇಲ್ಸಿನ ಜನ ಅವನನ್ನು ಕರೆಯುವುದು ಹವೆಲ್ ದಾ ಎಂದು. ಅಂದರೆ ಒಳ್ಳೆಯ ಹವೆಲ್. ಆ ನಾಡಿನ ಅಷ್ಟೊಂದು ರಾಜರ ಪೈಕಿ ಈ ಬಿರುದು ಗಿಟ್ಟಿದ್ದು ಇವನೊಬ್ಬನಿಗೇ.

ಮಣ್ಣಾಗಿ ಮೂರು ಶತಮಾನ ಕಳೆದರೂ ಧರ್ಮಗುರುವಿನ ನಿದ್ದೆ ಕೆಡಿಸಿದ ಈ ದೊರೆ ಯಾರು? ಅವನ ಹೆಸರು ಹೊತ್ತ ಕಾನೂನನ್ನು ಮಾಡಿದವನು ನಿಜಕ್ಕೂ ಅವನೇನಾ? ಅದು ಜನ ಹೊಗಳುವಷ್ಟು ನ್ಯಾಯದ್ದಾಗಿತ್ತೇ?

ಮೊದಲ ಪ್ರಶ್ನೆಗೆ ಉತ್ತರ ತಕ್ಕಮಟ್ಟಿಗೆ ಸಿಗುತ್ತದೆ. 878ರಲ್ಲಿ ಕಾಳಗದಲ್ಲಿ ಮಡಿದ ರೋಡ್ರಿ ಮಹಾನ್ ಎಂಬ ಪ್ರಬಲ ಅರಸನ ಮೊಮ್ಮಗ ಹವೆಲ್. ತಂದೆ ಕಾಡೆಲ್‌ನಿಂದ ಅವನಿಗೂ ತಮ್ಮ ಕ್ಲಿಡಾಗ್‌ಗೂ ನೈಋತ್ಯ ವೇಲ್ಸಿನ ಸೈಸಲ್ಲುಗ್ ಸೀಮೆ ಬಂತು. ಪಕ್ಕದ ಡವೆಡ್ ರಾಜ್ಯ ಬಂದದ್ದು ಹೆಂಡತಿ ಎಲೆನ್‌ಳ ಕಡೆಯಿಂದ. ಎಲೆನ್‌ಳ ತಂದೆ 904ರಲ್ಲಿ ತೀರಿಕೊಂಡ. ಮರುವರ್ಷವೇ ಆಕೆಯ ಚಿಕ್ಕಪ್ಪನ ತಲೆ ಉರುಳಿತು. ಅದರಲ್ಲಿ ಹವೆಲ್‌ನ ಮನೆತನದ ಕೈವಾಡವಿತ್ತೇ ಎಂಬ ಗುಮಾನಿ ಇತಿಹಾಸಕಾರರಿಗೆ ಇಂದಿಗೂ ಇದೆ. 920ರ ಹೊತ್ತಿಗೆ ತಮ್ಮನೂ ಇಲ್ಲವಾದ. ಎರಡೂ ಸೀಮೆಗಳು ಸೇರಿ ದೆಹೈಬಾರ್ಥ್ ಎಂಬ ದೊಡ್ಡ ರಾಜ್ಯವಾಯಿತು. ಒಳ್ಳೆಯವನೆನಿಸಿಕೊಂಡವನ ರಾಜ್ಯ ಕೂಡಿಬಂದ ಬಗೆ ಇದು: ಒಂದು ಮದುವೆ, ಒಂದು ಕೊಲೆ, ಸಕಾಲಕ್ಕೆ ಬಂದ ಸಾವುಗಳು.

ಇಂಗ್ಲಿಷ್ ದೊರೆಗಳ ಜೊತೆ ಅವನು ಜಗಳಕ್ಕೇ ಹೋಗಲಿಲ್ಲ. 918ರಲ್ಲಿ ಹಿರಿಯ ಎಡ್ವರ್ಡ್‌ಗೆ, 927ರಲ್ಲಿ ಏಥೆಲ್‌ಸ್ಟನ್‌ಗೆ ತಲೆಬಾಗಿದ. ಏಥೆಲ್‌ಸ್ಟನ್ ವೆಲ್ಶ್ ಅರಸರಿಂದ ವರ್ಷಕ್ಕೆ 20 ಪೌಂಡ್ ಚಿನ್ನ, 300 ಪೌಂಡ್ ಬೆಳ್ಳಿ, 25,000 ಎತ್ತು ಕಪ್ಪವಾಗಿ ಕೇಳಿದನೆಂದು ಹನ್ನೆರಡನೆಯ ಶತಮಾನದ ವಿಲಿಯಂ ಆಫ್ ಮಾಮ್ಸ್‌ಬರಿ ಬರೆದಿದ್ದಾನೆ. ಎರಡು ಶತಮಾನದ ಬಳಿಕದ ಬರಹವಾದ್ದರಿಂದ ಅಂಕಿಗಳನ್ನು ಹಾಗೆಯೇ ನುಂಗಬೇಕಿಲ್ಲ, ಹೊರೆ ಮಾತ್ರ ಸುಳ್ಳಲ್ಲ. 928ರಿಂದ 949ರವರೆಗೆ ಇಂಗ್ಲಿಷ್ ಆಸ್ಥಾನದ ದಾನಪತ್ರಗಳಿಗೆ ಸಾಕ್ಷಿಯಾಗಿ ಹವೆಲ್‌ನ ಹೆಸರು ಮತ್ತೆ ಮತ್ತೆ ಬರುತ್ತದೆ. ವೆಲ್ಶ್ ಅರಸರ ಸಾಲಿನಲ್ಲಿ ಮೊದಲ ಹೆಸರು ಅವನದೇ, ಆದರೆ ಅಲ್ಲಿ ಅವನು ಸಾಮಂತ. ಒಬ್ಬ ಮಗನಿಗೆ ಎಡ್ವಿನ್ ಎಂಬ ಅಪ್ಪಟ ಇಂಗ್ಲಿಷ್ ಹೆಸರಿಟ್ಟ. ಹಿಂದಿನ ತಲೆಮಾರಿನ ಇಂಗ್ಲಿಷ್ ದೊರೆ ಆಲ್ಫ್ರೆಡ್ ಕಾನೂನು ಬರೆಸಿದ್ದ, ಬಾಲ್ಯದಲ್ಲೇ ರೋಮಿಗೂ ಹೋಗಿದ್ದ. ಹವೆಲ್ ಕೂಡ 928ರಲ್ಲಿ ರೋಮ್ ಯಾತ್ರೆ ಮಾಡಿಬಂದ. ಆಲ್ಫ್ರೆಡ್‌ನೇ ಅವನಿಗೆ ಮೇಲ್ಪಂಕ್ತಿಯಾಗಿದ್ದ ಎನ್ನುವವರ ವಾದಕ್ಕೆ ಇವೇ ಆಧಾರ.

ಈ ನಯ ಎಲ್ಲರಿಗೂ ರುಚಿಸಲಿಲ್ಲ. ಐರಿಷರು, ಸ್ಕಾಟರು, ಡಬ್ಲಿನ್ನಿನ ನಾರ್ಸ್ ಯೋಧರು ಎಲ್ಲರೂ ವೆಲ್ಶರ ಜೊತೆಗೂಡಿ ಸ್ಯಾಕ್ಸನ್ನರನ್ನು, ಅಂದರೆ ಇಂಗ್ಲಿಷರನ್ನು, ಸಮುದ್ರಕ್ಕೆ ಅಟ್ಟಬೇಕೆಂದು ಕರೆಕೊಡುವ ‘ಆರ್ಮೆಸ್ ಪ್ರಿಡೈನ್’ ಎಂಬ ಕಾವ್ಯ ಹುಟ್ಟಿದ್ದು ಇದೇ ಶತಮಾನದಲ್ಲಿ, ಬಹುಶಃ ಹವೆಲ್‌ನದೇ ಸೀಮೆಯಲ್ಲಿ. 937ರಲ್ಲಿ ಬ್ರುನನ್‌ಬರ್ ಯುದ್ಧದಲ್ಲಿ ನಾರ್ಸ್ ಮತ್ತು ಸ್ಕಾಟ್ ಸೇನೆಗಳು ಏಥೆಲ್‌ಸ್ಟನ್ ಎದುರು ಕಾದಿ ಸೋತಾಗ ಹವೆಲ್ ಆ ಕಡೆ ಸುಳಿಯಲಿಲ್ಲ. ಉತ್ತರದ ಗ್ವಿನೆದ್ ರಾಜ್ಯದ ಇಡ್ವಾಲ್ 942ರಲ್ಲಿ ಇಂಗ್ಲಿಷರ ವಿರುದ್ಧ ತಿರುಗಿಬಿದ್ದು ಸತ್ತ. ಸತ್ತವನ ಮಕ್ಕಳನ್ನು ಓಡಿಸಿ ಹವೆಲ್ ಗ್ವಿನೆದ್ ಮತ್ತು ಪೊವಿಸ್‌ಗಳನ್ನು ವಶಮಾಡಿಕೊಂಡ. ಇಡ್ವಾಲ್ ಅವನ ದಾಯಾದಿಯೇ. ಆಗ್ನೇಯದ ಒಂದು ತುಂಡು ಬಿಟ್ಟರೆ ಇಡೀ ವೇಲ್ಸ್ ಈಗ ಒಬ್ಬನ ಕೈಯಲ್ಲಿತ್ತು. ಹವೆಲ್ ರಾಜ ಎಂದು ಕೆತ್ತಿದ ಒಂದೇ ಒಂದು ಬೆಳ್ಳಿ ಪೆನ್ನಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಉಳಿದಿದೆ. ಅದನ್ನು ಟಂಕಿಸಿದ್ದು ಇಂಗ್ಲಿಷ್ ಪಟ್ಟಣವಾದ ಚೆಸ್ಟರ್‌ನಲ್ಲಿ.

950ರಲ್ಲಿ ಅವನು ತೀರಿಕೊಂಡಾಗ ವೇಲ್ಸಿನ ವಾರ್ಷಿಕ ದಾಖಲೆ ಬ್ರಿಟನ್ನರ ರಾಜ ಹವೆಲ್ ಸತ್ತನೆಂದು ಬರೆದುಕೊಂಡಿತು. ಒಗ್ಗಟ್ಟು ಅವನ ಜೊತೆಗೇ ಹೋಯಿತು. ಅದೇ ವರ್ಷ ಇಡ್ವಾಲ್‌ನ ಮಕ್ಕಳು ಮರಳಿ ಬಂದು ಕಾರ್ನೋ ಬಳಿ ಹವೆಲ್‌ನ ಮಕ್ಕಳನ್ನು ಸೋಲಿಸಿದರು. ಉಳಿದದ್ದು ದಕ್ಷಿಣದ ರಾಜ್ಯವಷ್ಟೇ.

ಇಷ್ಟರಲ್ಲಿ ಕಾನೂನಿನ ಸುದ್ದಿ ಎಲ್ಲೂ ಬರಲಿಲ್ಲ. ಬಿಟ್ಟುಹೋದದ್ದಲ್ಲ, ಅವನ ಕಾಲದ ಯಾವ ದಾಖಲೆಯಲ್ಲೂ ಅದರ ಸೊಲ್ಲೇ ಇಲ್ಲ.

ಕಥೆ ಸಿಗುವುದು ಕಾನೂನು ಪುಸ್ತಕಗಳ ಪೀಠಿಕೆಗಳಲ್ಲಿ. ಜನ ಕಾನೂನನ್ನು ದುರುಪಯೋಗ ಮಾಡುತ್ತಿರುವುದನ್ನು ಕಂಡು ಹವೆಲ್, ತನ್ನ ನಾಡಿನ ಪ್ರತಿಯೊಂದು ಸೀಮೆಯಿಂದ ಆರು ಮಂದಿಯನ್ನು ತಾವ್ ನದಿಯ ದಡದ ಬಿಳಿಮನೆಗೆ ಕರೆಸಿದನಂತೆ. ಇಂದಿನ ವಿಟ್‌ಲ್ಯಾಂಡ್ ಊರು ಅದು. ಈಸ್ಟರ್ ಮುಂಚಿನ ಉಪವಾಸದ ದಿನಗಳವು. ಬಿಷಪ್ಪರು, ಪಂಡಿತರು, ರೈತಾಪಿ ಹಿರಿಯರು ಎಲ್ಲರೂ ಕೂತು ಹಳೆಯ ಕಟ್ಟಳೆಗಳನ್ನು ಜಾಲಾಡಿದರು. ಕೆಲವನ್ನು ಉಳಿಸಿಕೊಂಡರು, ಕೆಲವನ್ನು ತಿದ್ದಿದರು, ಕೆಲವನ್ನು ಕಿತ್ತೆಸೆದು ಹೊಸತು ಮಾಡಿದರು. ಬ್ಲೆಗೌರಿಡ್ ಎಂಬ ವಿದ್ವಾಂಸ ಅದನ್ನು ಬರೆದಿಟ್ಟ. ಕಥೆಗೆ ಬೇಕಾದ ಅಚ್ಚುಕಟ್ಟೆಲ್ಲ ಇದೆ, ಅನುಮಾನ ಹುಟ್ಟುವುದೂ ಅದರಿಂದಲೇ. ಪ್ರತಿಗಳು ಹೊಸತಾದಷ್ಟೂ ಪೀಠಿಕೆ ಉದ್ದವಾಗುತ್ತದೆ. ಕೊನೆಗೆ ಹವೆಲ್ ಕಾನೂನನ್ನು ರೋಮಿಗೆ ಒಯ್ದು ಪೋಪನ ಒಪ್ಪಿಗೆಯನ್ನೂ ಪಡೆದು ಬರುತ್ತಾನೆ.

ಸುಮಾರು ನಲವತ್ತು ಹಸ್ತಪ್ರತಿಗಳು ಉಳಿದಿವೆ, ಕೆಲವು ಲ್ಯಾಟಿನ್ನಿನಲ್ಲಿ, ಹೆಚ್ಚಿನವು ವೆಲ್ಶ್ ಭಾಷೆಯಲ್ಲಿ. ಅತ್ಯಂತ ಹಳೆಯವೂ ಹದಿಮೂರನೆಯ ಶತಮಾನದವು. ನಡುವೆ ಮುನ್ನೂರು ವರ್ಷದ ಕಂದರ. ಪೀಠಿಕೆಗಳನ್ನು ಜರಡಿ ಹಿಡಿದ ಹ್ಯೂ ಪ್ರೈಸ್ ಮುಂತಾದ ವಿದ್ವಾಂಸರು ಹೇಳುವುದಿಷ್ಟು: ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಚರ್ಚಿನ ಸುಧಾರಕರು ವೆಲ್ಶ್ ಕಾನೂನನ್ನು ಅನಾಗರಿಕವೆಂದು ಜರಿಯತೊಡಗಿದಾಗ, ಬಿಷಪ್ಪರ ಸಮ್ಮತಿ ಮತ್ತು ಪೋಪನ ಮುದ್ರೆಯ ಕಥೆ ಗುರಾಣಿಯಾಗಿ ಬೇಕಾಯಿತು. ಅದಕ್ಕೂ ಹಿಂದೆ, ಹವೆಲ್ ಹುಟ್ಟುವ ಮೊದಲೇ, ವೆಲ್ಶರಿಗೆ ಕಾನೂನಿತ್ತು. ಲಿಚ್‌ಫೀಲ್ಡ್ ಸುವಾರ್ತೆಗಳ ಪುಟದ ಅಂಚಿನಲ್ಲಿ ಒಂಬತ್ತನೆಯ ಶತಮಾನದ ಒಂದು ಜಮೀನು ತಂಟೆಯ ರಾಜಿಪತ್ರ ಇದೆ. ಬರಹದಲ್ಲಿ ಸಿಗುವ ವೆಲ್ಶ್ ಭಾಷೆಯ ಅತಿ ಹಳೆಯ ಮಾದರಿಗಳಲ್ಲಿ ಅದೂ ಒಂದು.

ಹಾಗಾದರೆ ಹವೆಲ್‌ನ ಪಾಲು ಸೊನ್ನೆಯೇ? ಅಷ್ಟು ದೂರ ಹೋಗಬೇಕಿಲ್ಲ. ಅರಮನೆ ಕಾನೂನಿನಲ್ಲಿ ಯುವರಾಜನಿಗೂ ಅರಮನೆಯ ಉಸ್ತುವಾರಿಗೂ ಇರುವ ಹುದ್ದೆಯ ಹೆಸರುಗಳು ಹಳೆ ಇಂಗ್ಲಿಷಿನಿಂದ ಬಂದವು. ಹತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಆಸ್ಥಾನಕ್ಕೆ ಹೋಗಿಬರುತ್ತಿದ್ದ ದೊರೆಗೆ ಇದು ಸಲ್ಲುತ್ತದೆ. ಇಂತಿಂಥ ಕಟ್ಟಳೆ ಹವೆಲ್‌ನದು, ಅದನ್ನು ಬದಲಿಸಿದವನು 1075ರಲ್ಲಿ ಸತ್ತ ಅರಸ ಬ್ಲೆದಿನ್ ಆಪ್ ಕನ್‌ವಿನ್ ಎಂದು ಪುಸ್ತಕಗಳೇ ಬಿಡಿಸಿ ಹೇಳುತ್ತವೆ. ಉತ್ತರದ ಗ್ವಿನೆದ್‌ನ ಪಂಡಿತರೂ ದಕ್ಷಿಣದವನಾದ ಹವೆಲ್‌ನ ಹೆಸರನ್ನೇ ಹಿಡಿದಿದ್ದಾರೆ. ಬೇಕೆಂದರೆ ತಮ್ಮದೇ ಮನೆತನದ ಪೂರ್ವಜನನ್ನು ಎತ್ತಿ ಮೆರೆಸಬಹುದಿತ್ತು. ಏನೋ ಒಂದು ನಡೆದದ್ದಂತೂ ಹೌದು. ಹಳೆಯ ರೂಢಿಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ಹವೆಲ್ ರಾಜಮುದ್ರೆ ಒತ್ತಿರಬೇಕು. ಅಲ್ಲಿಂದಾಚೆ ಮುನ್ನೂರು ವರ್ಷ ಬೆಳೆಸಿದವರು ವಕೀಲರು.

ಆ ವಕೀಲರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಹೊಗಳಿಕೆಯೆಲ್ಲ ರಾಜನಿಗೆ ಹೋಗಿ ಇವರು ಮೂಲೆ ಸೇರಿದ್ದಾರೆ. ಯೋರ್ವೆರ್ಥ್ ಆಪ್ ಮಡೋಗ್ ಎಂಬ ಹದಿಮೂರನೆಯ ಶತಮಾನದ ನ್ಯಾಯಪಂಡಿತ ಉತ್ತರದ ಪಾಠವನ್ನು ಒಪ್ಪವಾಗಿ ಜೋಡಿಸಿದ. ನ್ಯಾಯಾಧೀಶನಾಗಬೇಕಾದವನು ಕೊಲೆ, ಕಳವು, ಬೆಂಕಿ ಹಚ್ಚುವಿಕೆ ಎಂಬ ಮೂರು ಕಂಬಗಳನ್ನೂ, ಸಾಕಿದ ಮತ್ತು ಕಾಡಿನ ಪ್ರಾಣಿಗಳ ಬೆಲೆಯನ್ನೂ ಬಾಯಿಪಾಠ ಮಾಡಿರಬೇಕಿತ್ತು. ತನ್ನ ತೀರ್ಪೇ ಸರಿಯೆಂದು ಪಣವೊಡ್ಡಿ ಅದು ತಪ್ಪೆಂದು ಸಾಬೀತಾದರೆ ಅವನು ನಾಲಗೆ ಕಳೆದುಕೊಳ್ಳಬೇಕು, ಇಲ್ಲವೇ ಅದರ ಬೆಲೆ ತೆರಬೇಕು. ಬೆಲೆಯಾದರೂ ಕಡಿಮೆಯೇ? ಕೈ, ಕಾಲು, ಕಣ್ಣು, ಮೂಗು ಒಂದೊಂದಕ್ಕೂ ಬೆಲೆ ಕಟ್ಟಿದ ಪುಸ್ತಕ ನಾಲಗೆಗೆ ಅವೆಲ್ಲವನ್ನೂ ಕೂಡಿದಷ್ಟು ಬೆಲೆ ಇಟ್ಟಿದೆ, ಉಳಿದ ಅಂಗಗಳ ಪರವಾಗಿ ವಾದಿಸುವುದು ಅದೇ ತಾನೆ!

ಈ ಕಾನೂನಿನ ಜೀವಾಳ ಇರುವುದು ಬೆಲೆ ಕಟ್ಟುವುದರಲ್ಲಿ. ಕೊಲೆಯಾದರೆ ಕೊಂದವನನ್ನು ನೇಣಿಗೇರಿಸುವುದು ಅದರ ಮೊದಲ ಯೋಚನೆಯಲ್ಲ. ಎರಡು ಕುಟುಂಬಗಳ ನಡುವೆ ಸೇಡು ಹೊತ್ತಿ ಉರಿಯದಂತೆ ನೋಡಿಕೊಳ್ಳುವುದು. ಇದಕ್ಕೆ ಗಲಾನಸ್ ಎಂಬ ಜೀವಬೆಲೆ. ಸಾಧಾರಣ ಸ್ವತಂತ್ರ ಕುಲಜನಿಗೆ 63 ಹಸು, ಭೂಮಾಲೀಕನಿಗೆ ಅದರ ಎರಡರಷ್ಟು. ಮೂರನೆಯ ಒಂದು ಭಾಗವನ್ನು ಕೊಂದವನೂ ಅವನ ತಂದೆತಾಯಿ ಒಡಹುಟ್ಟಿದವರೂ ತೆರಬೇಕು. ಉಳಿದದ್ದರಲ್ಲಿ ಎರಡು ಪಾಲು ತಂದೆಯ ಕಡೆಯ ನೆಂಟರಿಂದ, ಒಂದು ಪಾಲು ತಾಯಿಯ ಕಡೆಯವರಿಂದ. ದೂರದ ದಾಯಾದಿಗಳೂ ಭರ್ಚಿ ಕಾಸು ಎಂಬ ಚಿಲ್ಲರೆ ಕೊಡಬೇಕು. ಒಬ್ಬ ಕೋಪಿಷ್ಠ ಹುಡುಗನನ್ನು ಹಿಡಿದು ಕೂರಿಸಲು ಇಡೀ ಬಳಗಕ್ಕೆ ಕಾರಣ ಸಿಕ್ಕಿತು. ತಪ್ಪನ್ನು ಅಲ್ಲಗಳೆಯುವವನೂ ಜನಬಲ ತೋರಿಸಬೇಕಿತ್ತು: ಕೊಲೆಗೆ ಕುಮ್ಮಕ್ಕು ಕೊಟ್ಟ ಆರೋಪದ ಗಂಭೀರತೆ ನೋಡಿ 100, 200, ಇಲ್ಲವೇ 300 ಮಂದಿ ಅವನ ಪರ ಪ್ರಮಾಣ ಮಾಡಬೇಕು.

ಗಾಯದ ಗುರುತಿಗೂ ದರವಿತ್ತು. ಮುಖದ ಮೇಲೆ ಕಾಣುವ ಗಾಯಕ್ಕೆ 120 ಪೆನ್ನಿ, ಕೈಯ ಮೇಲಿನದಕ್ಕೆ 60, ಪಾದದ ಮೇಲಿನದಕ್ಕೆ 30. ಪಾದದ ಗಾಯ ಯಾರಿಗೆ ಕಾಣುತ್ತದೆ?

ಅವಮಾನಕ್ಕೆ ಬೇರೆಯೇ ಪರಿಹಾರ. ರಾಜನ ಮಾನಕ್ಕೆ ಅವನ ಪ್ರತಿ ಸೀಮೆಗೂ ನೂರು ಹಸು, ಜೊತೆಗೆ ಬೆಳ್ಳಿಯ ಕೋಲು, ಮುಖದಷ್ಟು ಅಗಲದ ಚಿನ್ನದ ತಟ್ಟೆ. ಅವನ ಅರಮನೆಯಲ್ಲಿ ಇಪ್ಪತ್ನಾಲ್ಕು ಅಧಿಕಾರಿಗಳು. ರಾಜ ಊಟಕ್ಕೆ ಕೂತಾಗಿನಿಂದ ಮಲಗುವವರೆಗೆ ಅವನ ಪಾದಗಳನ್ನು ತೊಡೆಯ ಮೇಲಿಟ್ಟುಕೊಳ್ಳಲೆಂದೇ ಒಬ್ಬ ಸೇವಕ. ಆದರೆ ಓದುಗರ ಮನಸ್ಸು ಗೆದ್ದಿರುವುದು ರಾಜನಲ್ಲ, ಬೆಕ್ಕು. ಹುಟ್ಟಿದ ರಾತ್ರಿಯಿಂದ ಕಣ್ಣು ಬಿಡುವವರೆಗೆ ಬೆಕ್ಕಿನ ಮರಿಗೆ ಒಂದು ಪೆನ್ನಿ, ಇಲಿ ಹಿಡಿಯುವವರೆಗೆ ಎರಡು, ಆಮೇಲೆ ನಾಲ್ಕು. ಮಾರಿದ ಬೆಕ್ಕಿಗೆ ಕಣ್ಣು, ಕಿವಿ, ಹಲ್ಲು, ಉಗುರು ಸರಿಯಿರಬೇಕು, ಇಲಿ ಹಿಡಿಯಬೇಕು, ತನ್ನ ಮರಿಗಳನ್ನೇ ತಿನ್ನಬಾರದು. ಕೊರತೆ ಕಂಡರೆ ಮೂರನೆಯ ಒಂದು ಭಾಗ ಹಣ ವಾಪಸು. ರಾಜನ ಕಣಜ ಕಾಯುವ ಬೆಕ್ಕನ್ನು ಕೊಂದವನು, ಅದನ್ನು ಬಾಲ ಹಿಡಿದು ಮೂಗು ನೆಲಕ್ಕೆ ತಾಗುವಂತೆ ತೂಗಿ, ಬಾಲದ ತುದಿ ಮುಚ್ಚುವಷ್ಟು ಧಾನ್ಯ ಸುರಿಯಬೇಕು. ನಗು ಬರುವ ಚಿತ್ರ. ಆದರೆ ಓದುಬಾರದವರೂ ಕಣ್ಣಾರೆ ಕಂಡು ಒಪ್ಪಬಹುದಾದ ಅಳತೆ.

ಹವೆಲ್‌ನ ಕಾನೂನಿಗೆ ಇಂದು ಸಿಗುವ ಚಪ್ಪಾಳೆಯ ಬಹುಪಾಲು ಹೆಂಗಸರ ಕುರಿತ ಅಧ್ಯಾಯಕ್ಕೆ. ಮದುವೆಯಾಗಿ ಏಳು ವರ್ಷ ತುಂಬಿದ ಮೇಲೆ ಗಂಡಹೆಂಡಿರು ಬೇರೆಯಾದರೆ ಆಸ್ತಿ ಸರಿಪಾಲು. ಪಾಲಿನ ಪಟ್ಟಿಯಂತೂ ಒಂದು ಮನೆಯನ್ನೇ ಕಣ್ಣಮುಂದೆ ತಂದು ನಿಲ್ಲಿಸುತ್ತದೆ: ಹಂದಿಗಳು ಗಂಡನಿಗೆ, ಕುರಿಗಳು ಹೆಂಡತಿಗೆ, ಬೀಸುಕಲ್ಲಿನ ಮೇಲಿನ ಕಲ್ಲು ಅವನಿಗೆ, ಕೆಳಗಿನದು ಅವಳಿಗೆ, ಕೋಳಿಗಳೂ ಒಂದು ಬೆಕ್ಕೂ ಅವನಿಗೆ, ಉಳಿದ ಬೆಕ್ಕುಗಳು ಅವಳಿಗೆ. ಗಂಡನಿಗೆ ಕುಷ್ಠವಿದ್ದರೆ, ಬಾಯಿ ನಾರಿದರೆ, ಪುರುಷತ್ವವಿಲ್ಲದಿದ್ದರೆ ಅವಳು ತನ್ನದೆಲ್ಲವನ್ನೂ ಎತ್ತಿಕೊಂಡು ಹೊರಡಬಹುದು. ಅವನು ಪರಸ್ತ್ರೀಯೊಂದಿಗೆ ಸಿಕ್ಕಿಬಿದ್ದರೆ ಮೊದಲ ಸಲ 120 ಪೆನ್ನಿ, ಎರಡನೆಯ ಸಲ ಒಂದು ಪೌಂಡ್. ಮೂರನೆಯ ಸಲಕ್ಕೆ ಅವಳು ಅವನನ್ನು ಬಿಟ್ಟುಹೋಗಬಹುದು, ತನ್ನ ಪಾಲಿನದೇನನ್ನೂ ಕಳೆದುಕೊಳ್ಳದೆ. ವಿಚ್ಛೇದನವನ್ನೇ ಒಪ್ಪದ ಚರ್ಚಿಗೆ ಇದೆಲ್ಲ ಪಾಪದ ಪಟ್ಟಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಇದನ್ನು ಸ್ತ್ರೀಸಮಾನತೆಯ ಶಾಸನವೆಂದು ಕೊಂಡಾಡುವವರು ಪುಟ ಮಗುಚಿ ನೋಡಬೇಕು. ಹೆಣ್ಣಿನ ಜೀವಬೆಲೆ ಅಣ್ಣತಮ್ಮಂದಿರ ಬೆಲೆಯ ಅರ್ಧ. ಮದುವೆಯಾದ ಮೇಲೆ ಅವಳ ಮಾನದ ಬೆಲೆ ಗಂಡನದರ ಮೂರನೆಯ ಒಂದು ಭಾಗ. ಕೊಡಬಾರದ್ದನ್ನು ಕೊಟ್ಟರೆ, ಪರಪುರುಷನ ಜೊತೆ ಸಿಕ್ಕಿದರೆ, ಗಂಡನ ಗಡ್ಡಕ್ಕೆ ಶಾಪ ಹಾಕಿದರೆ ಅವನು ಹೊಡೆಯಬಹುದು. ಬೇರೆ ಕಾರಣಕ್ಕೆ ಹೊಡೆದರೆ ಮಾತ್ರ ಅವಳಿಗೆ ಪರಿಹಾರ. ಪಿತ್ರಾರ್ಜಿತ ಜಮೀನಂತೂ ಗಂಡುಮಕ್ಕಳಿಗೆ. ಹೆಣ್ಣಿನ ಕನ್ಯತ್ವಕ್ಕೂ ಒಡೆಯನಿಗೆ ಶುಲ್ಕ ಸಲ್ಲಬೇಕು.

ಇನ್ನು ಜೀತದವರು. ಅವರಿಗೆ ಜೀವಬೆಲೆಯೇ ಇಲ್ಲ. ಕೊಂದರೆ ದನ ಸತ್ತಾಗ ಕೊಡುವಂತೆ ಒಡೆಯನಿಗೆ ಬೆಲೆ ಕೊಟ್ಟರೆ ಮುಗಿಯಿತು. ಜಮೀನಿಗೆ ಕಟ್ಟಿಬಿದ್ದ ರೈತನ ಮಗ ಒಡೆಯನ ಅಪ್ಪಣೆಯಿಲ್ಲದೆ ಪಾದ್ರಿಯೋ ಕಮ್ಮಾರನೋ ಕವಿಯೋ ಆಗುವಂತಿಲ್ಲ. ನ್ಯಾಯ ಎಲ್ಲರಿಗೂ ಒಂದೇ ಎಂಬ ಮಾತು ಈ ಪುಸ್ತಕಗಳಿಗೆ ಗೊತ್ತೇ ಇಲ್ಲ. ಅವರವರ ಅಂತಸ್ತಿಗೆ ತಕ್ಕ ನ್ಯಾಯ ಅವರವರಿಗೆ ತಪ್ಪದೆ ಸಿಗಬೇಕೆಂಬುದೇ ಅವುಗಳ ಹಟ.

ಆದರೂ ಎರಡು ಕಟ್ಟಳೆಗಳ ಎದುರು ತಲೆದೂಗಲೇಬೇಕು. ಒಂದು, ಹಸಿದವನದು. ಒಂಬತ್ತೊಂಬತ್ತು ಮನೆಗಳ ಮೂರು ಹಳ್ಳಿ ಸುತ್ತಿ ಭಿಕ್ಷೆಯಾಗಲಿ ಆಸರೆಯಾಗಲಿ ಸಿಗದ ನಿರ್ಗತಿಕ, ಕದ್ದ ಅನ್ನದ ಜೊತೆ ಸಿಕ್ಕಿಬಿದ್ದರೂ ನಿರಪರಾಧಿ. ಇದೇ ಕಾನೂನು ಉಳಿದ ಕಳ್ಳರ ಮೇಲೆ ಕೆಂಡ ಕಾರುತ್ತದೆ. ನಾಲ್ಕು ಪೆನ್ನಿಗಿಂತ ಹೆಚ್ಚಿನ ಮಾಲು ಗುಟ್ಟಾಗಿ ಕದ್ದವನಿಗೆ ನೇಣೂ ಕಾದಿತ್ತು. ಎರಡನೆಯದು, ಮದುವೆಯ ಆಚೆ ಹುಟ್ಟಿದ ಮಕ್ಕಳದು. ತಂದೆ ಒಪ್ಪಿಕೊಂಡ ಮಗ ಯಾವ ಹೆಣ್ಣಿಗೆ ಹುಟ್ಟಿದ್ದರೂ ಜಮೀನಿನಲ್ಲಿ ಸಮಪಾಲುದಾರ. ಚರ್ಚಿನ ಕಾನೂನು ಹಿರಿಯ ಧರ್ಮಜನನ್ನೇ ವಾರಸುದಾರ ಎನ್ನುತ್ತದೆ, ಹವೆಲ್‌ನ ಕಾನೂನು ಹಾಗಲ್ಲ, ಅಪ್ಪನ ಪಾಪವನ್ನು ಮಗನ ಆಸ್ತಿಯ ಮೇಲೆ ಹೊರಿಸಬಾರದು ಎಂದು ಪುಸ್ತಕ ನೇರವಾಗಿಯೇ ಎದುರುತ್ತರ ಕೊಟ್ಟಿದೆ. ಪಾಲು ಮಾಡುವ ಉಪಾಯವೂ ಜಾಣತನದ್ದು: ಕಿರಿಯ ಮಗ ಪಾಲು ಹಾಕಬೇಕು, ಹಿರಿಯನಿಂದ ಮೊದಲುಗೊಂಡು ಒಬ್ಬೊಬ್ಬರೇ ಆಯಬೇಕು. ಮೋಸ ಮಾಡಿದರೆ ನಷ್ಟ ಪಾಲು ಹಾಕಿದವನಿಗೇ.

ಪೆಕಮ್‌ನ ಕೋಪಕ್ಕೆ ಧರ್ಮವಷ್ಟೇ ಕಾರಣವಾಗಿರಲಿಲ್ಲ. 1277ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್‌ಗೆ ಸೋತು ಒಪ್ಪಂದಕ್ಕೆ ಸಹಿ ಹಾಕಿದ್ದ ಲಿವೆಲಿನ್, ಅರ್ವಿಸ್ಟ್ಲಿ ಎಂಬ ಸೀಮೆಯ ಒಡೆತನದ ವ್ಯಾಜ್ಯವನ್ನು ವೆಲ್ಶ್ ಕಾನೂನಿನ ಪ್ರಕಾರವೇ ತೀರ್ಮಾನಿಸಬೇಕೆಂದು ಪಟ್ಟುಹಿಡಿದ. ದೊರೆಯ ಆಳ್ವಿಕೆಯಲ್ಲಿರುವ ಗ್ಯಾಸ್ಕನಿಯವರಿಗೆ, ಐರಿಷರಿಗೆ, ಇಂಗ್ಲಿಷರಿಗೆ ಅವರವರ ಕಾನೂನಿರುವಾಗ ನಮಗೇಕಿಲ್ಲ ಎಂಬುದು ಅವನ ವಾದ. ಎಡ್ವರ್ಡ್ ಒಂದು ವಿಚಾರಣಾ ಆಯೋಗ ನೇಮಿಸಿ ಕಾಲ ತಳ್ಳಿದ. ಹವೆಲ್‌ನ ಹೆಸರು ಬಾವುಟವಾದದ್ದು ಇಲ್ಲೇ. ಬದುಕಿದ್ದಾಗ ಇಂಗ್ಲಿಷ್ ದೊರೆಗಳ ಮುಂದೆ ಬಾಗಿಯೇ ರಾಜ್ಯ ಉಳಿಸಿಕೊಂಡವನು, ಸತ್ತ ಮೇಲೆ ಅವರ ಕಾನೂನನ್ನು ತಡೆಯುವ ಅಸ್ತ್ರವಾದ. ನನ್ನ ಮಟ್ಟಿಗೆ ಹವೆಲ್‌ನ ದೀರ್ಘ ಪ್ರಭಾವದ ಗುಟ್ಟು ಅವನು ಬರೆಸಿದ ಸಾಲುಗಳಲ್ಲಿಲ್ಲ. ಒಗ್ಗಟ್ಟಿಲ್ಲದೆ ಕಿತ್ತಾಡುತ್ತಿದ್ದ ಅರಸರ ನಾಡಿನಲ್ಲಿ ಉತ್ತರದವರೂ ದಕ್ಷಿಣದವರೂ ಒಟ್ಟಿಗೆ ನಮ್ಮದು ಎನ್ನಬಹುದಾದದ್ದು ಭಾಷೆ ಬಿಟ್ಟರೆ ಈ ಕಾನೂನು. ಅದಕ್ಕೊಂದು ಹೆಸರು ಬೇಕಿತ್ತು. ಒಮ್ಮೆ ಹೆಚ್ಚುಕಡಿಮೆ ಇಡೀ ನಾಡನ್ನು ಆಳಿದವನ ಹೆಸರು ಸಿಕ್ಕಿತು.

1282ರ ಡಿಸೆಂಬರಿನಲ್ಲಿ ಲಿವೆಲಿನ್ ಹತನಾದ. 1284ರ ರಿದ್ಲಾನ್ ಶಾಸನ ಅಪರಾಧಗಳಿಗೆ ಇಂಗ್ಲಿಷ್ ಕಾನೂನು ತಂದಿತು, ಅಕ್ರಮ ಸಂತಾನದ ಪಾಲನ್ನು ಕಿತ್ತುಕೊಂಡಿತು. ಗಂಡುಮಕ್ಕಳ ಸಮಪಾಲು ಮತ್ತು ಒಂದಷ್ಟು ಸಿವಿಲ್ ರೂಢಿಗಳು ಉಳಿದುಕೊಂಡವು. ಗಡಿ ಸೀಮೆಗಳಲ್ಲೂ ದಕ್ಷಿಣದಲ್ಲೂ ಹಳೆಯ ಕಾನೂನು ಕುಂಟುತ್ತ ಸಾಗಿತು, ಹೊಸ ಪ್ರತಿಗಳೂ ಹುಟ್ಟಿದವು. ಕೊನೆಯ ಏಟು ಹಾಕಿದವನು ಎಂಟನೆಯ ಹೆನ್ರಿ, ವೆಲ್ಶ್ ಮೂಲದ ಟ್ಯೂಡರ್ ಮನೆತನದವನೇ. 1536 ಮತ್ತು 1543ರ ಕಾಯ್ದೆಗಳು ವೇಲ್ಸನ್ನು ಇಂಗ್ಲೆಂಡಿನ ಕಾನೂನಿನೊಳಗೆ ಕರಗಿಸಿದವು.

ಆಮೇಲೆ ಅದು ವಿದ್ವಾಂಸರ ಸೊತ್ತು. ವಿಲಿಯಂ ವಾಟನ್ ಲ್ಯಾಟಿನ್ ಅನುವಾದದೊಂದಿಗೆ ಸಿದ್ಧಪಡಿಸಿದ ಆವೃತ್ತಿ ಅವನು ಸತ್ತ ಮೇಲೆ 1730ರಲ್ಲಿ ಅಚ್ಚಾಯಿತು, 1841ರಲ್ಲಿ ಅನಿಯುರಿನ್ ಓವನ್ ದೊಡ್ಡ ಸಂಗ್ರಹ ತಂದ, 1986ರಲ್ಲಿ ಡಾವಿದ್ ಜೆಂಕಿನ್ಸ್ ಮಾಡಿದ ಇಂಗ್ಲಿಷ್ ಅನುವಾದ ಸಾಮಾನ್ಯ ಓದುಗರಿಗೂ ಬಾಗಿಲು ತೆರೆಯಿತು. ಬೇಸಾಯಗಾರರ, ಅರಮನೆಯ ಊಳಿಗದವರ ಚಿತ್ರಗಳಿರುವ ಪೆನಿಯಾರ್ಥ್ 28 ಎಂಬ ಲ್ಯಾಟಿನ್ ಹಸ್ತಪ್ರತಿ ಆಬರಿಸ್ಟ್ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಹದಿನಾಲ್ಕನೆಯ ಶತಮಾನದ ಇನ್ನೊಂದು ಪುಟ್ಟ ಪ್ರತಿ ವಲಸಿಗರ ಗಂಟಿನಲ್ಲಿ ಅಮೆರಿಕ ಸೇರಿ ಬಾಸ್ಟನ್‌ನಲ್ಲಿ ಕೂತಿತ್ತು. 2012ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದೇ ಗ್ರಂಥಾಲಯ ಐದು ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ಅದನ್ನು ಮರಳಿ ತಂದಿತು.

ವಿಟ್‌ಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ ಹವೆಲ್‌ನ ಕಾನೂನಿಗೊಂದು ಸ್ಮಾರಕ ಉದ್ಯಾನ ಎದ್ದಿತು. ಅವನ ಮೂಲ ಸೀಮೆಗಳ ಆಸ್ಪತ್ರೆಗಳನ್ನು ನಡೆಸುವ ಆರೋಗ್ಯ ಮಂಡಳಿಯ ಹೆಸರು ಹವೆಲ್ ದಾ. ಇಂದು ಪತ್ರಿಕೆಗಳಲ್ಲಿ ಅವನ ಹೆಸರು ಹೆಚ್ಚಾಗಿ ಕಾಣುವುದು ಈ ಮಂಡಳಿಯ ಸುದ್ದಿಗಳಲ್ಲೇ. ಕಾರ್ಡಿಫ್ ಕೊಲ್ಲಿಯಲ್ಲಿ ವೇಲ್ಸಿನ ಸಂಸತ್ತು ಸೆನೆದ್‌ನ ಕಚೇರಿಗಳಿರುವ ಕಟ್ಟಡ ಟೀ ಹವೆಲ್, ಹವೆಲ್‌ನ ಮನೆ. 2011ರ ಜನಮತದ ಬಳಿಕ ಆ ಸಂಸತ್ತು ತನ್ನ ವ್ಯಾಪ್ತಿಯ ವಿಷಯಗಳಲ್ಲಿ ಪೂರ್ಣ ಪ್ರಮಾಣದಲ್ಲಿ ಕಾನೂನು ಮಾಡುತ್ತಿದೆ. ಚದುರಿಹೋದ ಕಾನೂನುಗಳನ್ನು ಒಟ್ಟುಗೂಡಿಸಿ ಜನಕ್ಕೆ ಸುಲಭವಾಗಿ ಸಿಗುವಂತೆ ಮಾಡಬೇಕೆಂದು 2019ರ ಒಂದು ಕಾಯ್ದೆ ಸರ್ಕಾರಕ್ಕೆ ಕರ್ತವ್ಯವಾಗಿಯೇ ವಿಧಿಸಿದೆ. ಆದರೆ ನ್ಯಾಯಾಲಯಗಳು ಇಂದಿಗೂ ಇಂಗ್ಲೆಂಡ್ ಮತ್ತು ವೇಲ್ಸಿಗೆ ಜಂಟಿ. ನ್ಯಾಯಾಂಗವನ್ನೂ ವೇಲ್ಸಿಗೆ ಒಪ್ಪಿಸಬೇಕೆಂದು ಲಾರ್ಡ್ ಥಾಮಸ್ ಅಧ್ಯಕ್ಷತೆಯ ಆಯೋಗ ಅದೇ 2019ರಲ್ಲಿ ಶಿಫಾರಸು ಮಾಡಿತು. ಅದು ಒಪ್ಪತಕ್ಕದ್ದೇ ಎಂಬ ಬಗ್ಗೆ ಕಾರ್ಡಿಫ್‌ಗೂ ಲಂಡನ್ನಿಗೂ ಇನ್ನೂ ಒಮ್ಮತ ಮೂಡಿಲ್ಲ.